ಏಣಿ ಹಿಡಿದ ಮಧ್ಯಾಹ್ನ

ಕೇಳಿದವರಿಗೆ ದೇವರು ಉತ್ತರ ಕೊಡುತ್ತಾನೆ ಎಂಬ ಮಾತನ್ನು ನಾನು ಬಹಳ ವರ್ಷ ನಂಬಿರಲಿಲ್ಲ. ದೇವರನ್ನೇ ನಂಬಿರಲಿಲ್ಲ ಎಂದಲ್ಲ. ಶುಕ್ರವಾರ ಮಸೀದಿಗೆ ಹೋಗುತ್ತಿದ್ದೆ, ರಂಜಾನಿನಲ್ಲಿ ಉಪವಾಸ ಹಿಡಿಯುತ್ತಿದ್ದೆ. ಆದರೆ ಬಣಕಲ್ ಪಕ್ಕದ ಒಂದು ಸಣ್ಣ ತೋಟದಲ್ಲಿ ಕಾಫಿ, ಮೆಣಸು ಬೆಳೆದುಕೊಂಡಿರುವ ಮನುಷ್ಯನಿಗೆ ದೇವರು ನಿಂತು ಉತ್ತರ ಹೇಳುತ್ತಾನೆ ಎಂದರೆ ಒಳಗೊಳಗೇ ನಗು ಬರುತ್ತಿತ್ತು. ಈಗ ನಗು ಬರುವುದಿಲ್ಲ. ನಂಬಿಕೆ ಬಂತೇ ಎಂದು ಕೇಳಿದರೆ ಅದನ್ನೂ ಹೇಳಲಾರೆ. ನಡೆದದ್ದನ್ನು ನಡೆದಂತೆ ಬರೆಯುತ್ತೇನೆ.

ನನ್ನ ತಮ್ಮ ಹಮೀದ್ ಮೆಣಸು ಕೊಯ್ಯುವುದರಲ್ಲಿ ಗಟ್ಟಿಗ. ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ ಬಳ್ಳಿಯ ತುದಿಯವರೆಗೂ ಬಿದಿರಿನ ಏಣಿ ಏರಿ ಹೋಗುತ್ತಿದ್ದ. ಕೆಳಗೆ ಏಣಿ ಹಿಡಿಯುವುದು ನನ್ನ ಕೆಲಸ. ವರ್ಷಗಟ್ಟಲೆ ಏಣಿ ಹಿಡಿದವನಿಗೆ ಮೇಲೆ ನೋಡುವ ಅಗತ್ಯ ಇರುವುದಿಲ್ಲ. ಹತ್ತುವವನ ಕಾಲು ಒಮ್ಮೆಗೇ ಊರುತ್ತದೆ, ಏಣಿ ನೆಲಕ್ಕೆ ಒತ್ತುತ್ತದೆ. ಇಳಿಯುವವನ ಕಾಲು ಮೊದಲು ಮೆಟ್ಟಿಲನ್ನು ತಡಕುತ್ತದೆ. ಬಿದಿರಿನಲ್ಲಿ ಒಂದು ಸಣ್ಣ ನಡುಕ, ಆಮೇಲೆ ಭಾರ. ಹಿಡಿದವನ ಅಂಗೈಗೆ ಇದು ಗೊತ್ತಾಗುತ್ತದೆ.

ಕೊಯ್ಲು ಮುಗಿಯುತ್ತ ಬಂದಿದ್ದ ದಿನ. ಏಣಿಯ ತಲೆಯನ್ನು ಹಮೀದ್ ಎಂದಿನಂತೆ ಹಗ್ಗದಿಂದ ಮರಕ್ಕೆ ಬಿಗಿದಿದ್ದ. ದೂರದ ಒಂದು ಗೊಂಚಲಿಗೆ ಕೈ ಚಾಚಿರಬೇಕು. ನನ್ನ ಕೈಯಲ್ಲಿ ಏಣಿ ಅಲುಗಲಿಲ್ಲ, ಜಾರಲಿಲ್ಲ. ಇದ್ದಕ್ಕಿದ್ದಂತೆ ಹಗುರವಾಯಿತು, ಅಷ್ಟೇ. ಅವನು ನೆಲಕ್ಕೆ ಬಿದ್ದ ಸದ್ದು ಕೇಳಿದ್ದು ಆಮೇಲೆ.

ಮಂಗಳೂರಿನ ಆಸ್ಪತ್ರೆಗೆ ಸೇರಿಸಿದೆವು. ಅವನಿಗೆ ಎಚ್ಚರ ಬರಲಿಲ್ಲ. ಅವನ ಹೆಂಡತಿಯನ್ನು ಅಲ್ಲೇ ಬಿಟ್ಟು, ನಮ್ಮ ತಾಯಿ, ಉಮ್ಮನನ್ನು ಕರೆದುಕೊಂಡು ಹೋಗಲು ನಾನು ಊರಿಗೆ ಬಂದಿದ್ದಾಗ ಡಾಕ್ಟರು ಫೋನ್ ಮಾಡಿದರು. ತಲೆಯೊಳಗೆ ಬಾವು ಹೆಚ್ಚಿದೆ ಎಂದರು. ಆಪರೇಷನ್ ಮಾಡಿದರೆ ಜೀವ ಉಳಿಯಬಹುದು, ಆದರೆ ಎಂದಾದರೂ ಎಚ್ಚರವಾಗುತ್ತದೆ, ಮಾತು ಬರುತ್ತದೆ ಎಂಬ ಭರವಸೆ ಕೊಡಲಾರೆವು. ಮಾಡದಿದ್ದರೆ ಇನ್ನೊಂದೆರಡು ದಿನ, ನೋವಾಗದಂತೆ ನೋಡಿಕೊಳ್ಳುತ್ತೇವೆ. ಸಂಜೆಯೊಳಗೆ ತಿಳಿಸಿ, ತಡ ಮಾಡಬೇಡಿ ಎಂದರು. ಆಮೇಲೆ ಹಮೀದನ ಹೆಂಡತಿ ಫೋನು ತೆಗೆದುಕೊಂಡಳು. "ಅಣ್ಣ, ನೀವೇ ಹೇಳಿ. ನನ್ನ ಕೈಲಿ ಆಗಲ್ಲ," ಎಂದಳು.

ಮನೆಯಲ್ಲಿ ನೆಂಟರು ತುಂಬಿದ್ದರು. ಪ್ರತಿಯೊಬ್ಬರೂ ಏನಾದರೊಂದು ಹೇಳುವವರೇ. ಚಿಕ್ಕಮ್ಮ ಎಲ್ಲಿಂದಲೋ ಮಂತ್ರಿಸಿದ ದಾರ ತಂದು, ಇದನ್ನು ತಲೆದಿಂಬಿನಡಿ ಇಟ್ಟುಕೊಂಡು ಮಲಗಿದರೆ ಕನಸಿನಲ್ಲಿ ತಿಳಿಯುತ್ತದೆ ಎಂದರು. ನನ್ನ ಬಾಲ್ಯದ ಗೆಳೆಯ, ಪಕ್ಕದ ತೋಟದ ಸುಧೀರ, ಗುಡ್ಡದ ಮೇಲಿನ ತಮ್ಮ ಮನೆದೇವರ ಹತ್ತಿರ ಹೂ ಕೇಳಿಕೊಂಡು ಬರುತ್ತೇನೆ ಎಂದು ಹೊರಟೇಬಿಟ್ಟ. ವಿಗ್ರಹದ ಎರಡೂ ಬದಿಗೆ ಒದ್ದೆ ಹೂ ಅಂಟಿಸಿ ಕಾಯುತ್ತಾರೆ. ಬಲಗಡೆಯದು ಬಿದ್ದರೆ ಆಗಬಹುದು, ಎಡಗಡೆಯದು ಬಿದ್ದರೆ ಬೇಡ. "ನೀನು ನಿಮ್ಮೋರನ್ನ ಕೇಳು, ನಾನು ನಮ್ಮೋರನ್ನ ಕೇಳ್ತೀನಿ ಮಾರಾಯ. ಇಬ್ರೂ ಒಪ್ಪಿದ್ರೆ ಡಾಕ್ಟ್ರು ಏನ್ಮಾಡ್ತಾರೆ, ಒಪ್ಲೇಬೇಕು," ಎಂದ. ಅಂಥ ಹೊತ್ತಿನಲ್ಲೂ ನನಗೆ ಸ್ವಲ್ಪ ನಗು ಬಂತು.

ಉಮ್ಮ ಮಾತ್ರ ಬೇರೆ ರೀತಿ. ನಮ್ಮ ಮನೆಮಾತು ಬ್ಯಾರಿ. ಅವರು ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಚಿಕ್ಕಮ್ಮನ ಕೈಯಿಂದ ದಾರ ತೆಗೆದುಕೊಂಡು, "ಇದಕ್ಕೆ ಕಿವಿ ಎಲ್ಲಿದೆ, ತೋರ್ಸು," ಎಂದರು. ಚಿಕ್ಕಮ್ಮ ಮುಖ ತಿರುಗಿಸಿಕೊಂಡರು. ಉಮ್ಮ ನನ್ನತ್ತ ನೋಡಿದರು.

"ಹೋಗಿ ನಮಾಜು ಮಾಡಿ ದೇವರನ್ನೇ ಕೇಳು. ನಡುವೆ ಯಾರೂ ಬೇಡ, ಯಾವುದೂ ಬೇಡ."

"ಕೇಳಿದ್ರೆ ಹೇಳ್ತಾನಾ ಉಮ್ಮ?"

"ಅದು ಅವನ ಕೆಲಸ. ಕೇಳೋದು ನಿಂದು. ಕನಸು ಬೀಳ್ಲಿ ಅಂತ ಕಾಯ್ಬೇಡ, ಗುರುತು ಹುಡುಕ್ಬೇಡ. ಕೇಳು, ಮನಸ್ಸು ಎತ್ತ ನಿಲ್ಲತ್ತೋ ಅತ್ತ ನಡಿ."

ಉಮ್ಮ ಹೇಳಿದ ಪ್ರಾರ್ಥನೆಗೆ ನಮ್ಮಲ್ಲಿ ಇಸ್ತಿಖಾರ ಎನ್ನುತ್ತಾರೆ. ಚಿಕ್ಕ ನಮಾಜು ಮಾಡಿ, ಇದು ನನಗೆ ಒಳ್ಳೆಯದಾದರೆ ಸುಲಭ ಮಾಡು, ಕೆಟ್ಟದ್ದಾದರೆ ನನ್ನಿಂದ ದೂರ ಮಾಡು, ನಿನಗೆ ಗೊತ್ತು, ನನಗೆ ಗೊತ್ತಿಲ್ಲ ಎಂದು ಬೇಡಿಕೊಳ್ಳುವುದು. ಚಿಕ್ಕಂದಿನಲ್ಲಿ ಮದರಸದಲ್ಲಿ ಕಲಿತದ್ದು. ಒಮ್ಮೆಯೂ ಮಾಡಿದವನಲ್ಲ.

ಮನೆಯಲ್ಲಿ ಜಾಗವಿರಲಿಲ್ಲ. ಪಂಪಿನ ಪೈಪಿನಲ್ಲಿ ಕೈಕಾಲು ತೊಳೆದು ತೋಟಕ್ಕೆ ಇಳಿದೆ. ಸಮತಟ್ಟಾದ ನೆಲ ಸಿಕ್ಕಿದ್ದು ಹಮೀದ್ ಬಿದ್ದ ಆ ಮರದ ಹತ್ತಿರವೇ. ಬೇಕೆಂದು ಅಲ್ಲಿಗೆ ಹೋದೆನೋ, ಕಾಲು ತಾನಾಗಿ ಒಯ್ದಿತೋ ತಿಳಿಯದು. ಏಣಿ ಹಾಗೇ ಒರಗಿತ್ತು; ಅದನ್ನು ತೆಗೆಯಲು ಯಾರಿಗೂ ಮನಸ್ಸಾಗಿರಲಿಲ್ಲ. ತರಗೆಲೆ ಸರಿಸಿ, ಟವೆಲು ಹಾಸಿ ನಮಾಜು ಮಾಡಿದೆ. ಬೇಡಿಕೊಂಡೆ. ಏನೂ ಆಗಲಿಲ್ಲ. ಮನಸ್ಸು ಎತ್ತಲೂ ನಿಲ್ಲಲಿಲ್ಲ. ಬಿಸಿಲು, ಜೀರುಂಡೆಯ ಸದ್ದು, ದೂರದ ಹೆದ್ದಾರಿಯಲ್ಲಿ ಘಾಟಿಯ ಕಡೆ ಹೋಗುವ ಬಸ್ಸಿನ ಹಾರ್ನು.

ಟವೆಲು ಕೊಡವಿ ಎದ್ದೆ. ಚಪ್ಪಲಿ ಮೆಟ್ಟಲು ಆಸರೆಗೆಂದು ಏಣಿ ಹಿಡಿದುಕೊಂಡೆ.

ಬಿದಿರಿನಲ್ಲಿ ಸಣ್ಣ ನಡುಕ. ಆಮೇಲೆ ಭಾರ.

ನಾನು ಇದನ್ನು ಎಚ್ಚರದಿಂದ ಬರೆಯುತ್ತಿದ್ದೇನೆ. ಮೇಲೆ ನೋಡಿದೆ. ಯಾರೂ ಇರಲಿಲ್ಲ. ಮಂಗ ಇರಲಿಲ್ಲ. ಮೆಣಸಿನ ಎಲೆಯೊಂದೂ ಅಲುಗುತ್ತಿರಲಿಲ್ಲ, ಅಂದರೆ ಗಾಳಿ ಇರಲಿಲ್ಲ. ಹಮೀದ್ ಬಿಗಿದ ಹಗ್ಗ ಹಾಗೇ ಇತ್ತು. ಮತ್ತೆ ತಡಕಾಟ, ಮತ್ತೆ ಭಾರ. ಯಾರೋ ಇಳಿದು ಬರುತ್ತಿದ್ದರು. ಅವಸರವಿಲ್ಲದ ಇಳಿತ, ಬಲಗಾಲಿಗೆ ಸ್ವಲ್ಪ ಹೆಚ್ಚು ಭಾರ ಕೊಟ್ಟು. ಹಮೀದ್ ಇಳಿಯುತ್ತಿದ್ದದ್ದು ಹಾಗೆ. ನನಗೆ ಹೆದರಿಕೆ ಆಗಲಿಲ್ಲ. ಕೈ ಬಿಟ್ಟರೆ ಮತ್ತೆ ಬೀಳುತ್ತಾನೆ ಎಂಬ ಒಂದೇ ಯೋಚನೆ. ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದೆ, ಎದೆಗೊತ್ತಿ ಹಿಡಿದೆ.

ನನ್ನ ತಲೆಗಿಂತ ಸ್ವಲ್ಪ ಮೇಲೆ ಬಂದು ಆ ಭಾರ ನಿಂತಿತು. ಕಾಯುತ್ತ ನಿಂತೆ. ಮುಂದಿನ ಹೆಜ್ಜೆ ಬರಲಿಲ್ಲ. ಹಗುರವೂ ಆಗಲಿಲ್ಲ. ಎಷ್ಟು ಹೊತ್ತು ಹಾಗಿದ್ದೆನೋ, ಸುಧೀರ ಕಾಫಿ ಗಿಡಗಳ ನಡುವೆ ಓಡುತ್ತ ಬಂದ.

"ಬಲಗಡೇನೇ ಬಿತ್ತು ಮಾರಾಯ! ಕೂತ್ಕೊಳ್ಳೋದ್ರೊಳಗೇ ಬಿತ್ತು," ಎಂದವನು ನನ್ನನ್ನು ನೋಡಿ ನಿಂತ. "ಏಣಿ ಯಾಕೋ ತಬ್ಕೊಂಡಿದೀಯ?"

"ಸ್ವಲ್ಪ ಹಿಡ್ಕೊ. ನಾನು ಫೋನ್ ಮಾಡ್ಬೇಕು," ಎಂದೆ.

ಅವನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅವನ ಕೈಗೆ ಏನಾದರೂ ತಿಳಿಯಿತೇ ಎಂದು ಮುಖ ನೋಡಿದೆ. ಏನೂ ಕಾಣಲಿಲ್ಲ. ನಾನು ಡಾಕ್ಟರಿಗೆ ಆಪರೇಷನ್ ಮಾಡಿ ಎಂದು ಹೇಳಿದೆ. ಹೂವಿನ ಮಾತಿಗೆ ನಾನು ಒಪ್ಪಿದೆ ಎಂದೇ ಸುಧೀರ ಇಂದಿಗೂ ತಿಳಿದಿದ್ದಾನೆ. ನಾನು ಬೇರೆ ಹೇಳಿಲ್ಲ.

ಉಮ್ಮನಿಗೆ ಮಾತ್ರ ಹೇಳಿದೆ, ಹಮೀದನನ್ನು ಮನೆಗೆ ಕರೆತಂದ ಮೇಲೆ. ಅವರು ಅವನ ಬಾಯಿ ಒರೆಸುತ್ತಿದ್ದರು. ನನ್ನ ಮಾತು ಮುಗಿದ ಮೇಲೂ ಒರೆಸುತ್ತಲೇ ಇದ್ದರು. ಆಮೇಲೆ, "ಕೇಳಿದ್ದು ದೇವರನ್ನ. ನಂಬಿದ್ದು ಏಣೀನಾ?" ಎಂದರು. ಬೈಗುಳದ ಧ್ವನಿಯಲ್ಲ. ಅವರಿಗೂ ಗೊತ್ತಿಲ್ಲದ್ದನ್ನು ನನ್ನನ್ನು ಕೇಳುವಂತಿತ್ತು.

ನಿದ್ದೆಗೆಟ್ಟವನ ಕೈ ನಡುಗಿದ್ದಿರಬಹುದು. ಬಿಸಿಲಿಗೆ ಬಿದಿರು ಸರಿದಿರಬಹುದು. ಇಲ್ಲವೇ ಅದು ಉತ್ತರವೇ ಆಗಿದ್ದು, ಅದನ್ನು ನಾನು ಅರ್ಧ ಓದಿರಬಹುದು. ಇಳಿದು ನಮ್ಮ ಬಳಿಗೆ ಮರಳಿ ಬರುತ್ತಾನೆ ಎಂದು ತಿಳಿದೆ. ನೆಲ ಮುಟ್ಟದೆ ನಡುವೆ ನಿಂತದ್ದನ್ನೂ ಅಂಗೈ ಹೇಳಿತ್ತಲ್ಲ, ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಅಥವಾ ದೇವರ ತೀರ್ಪು ಮೊದಲೇ ಆಗಿತ್ತು, ಅದರಲ್ಲಿ ನನ್ನ ಮಾತಿಗೆ ಜಾಗವೇ ಇರಲಿಲ್ಲ.

ಹಮೀದ್ ಬದುಕಿದ್ದಾನೆ. ಕಣ್ಣು ತೆರೆದಿರುತ್ತದೆ. ತಿನ್ನಿಸಿದರೆ ನುಂಗುತ್ತಾನೆ. ನಮ್ಮನ್ನು ನೋಡುತ್ತಾನೋ ಇಲ್ಲವೋ ಗೊತ್ತಿಲ್ಲ, ಮಾತಂತೂ ಇಲ್ಲ. ಅವನ ಹೆಂಡತಿ ನನ್ನನ್ನು ಒಂದು ದಿನವೂ ಏನೂ ಅಂದಿಲ್ಲ. ಅಂದಿದ್ದರೆ ನನಗೆ ಸುಲಭವಾಗುತ್ತಿತ್ತೇನೋ.

ಕೆಲವು ಸಂಜೆ ಅವನ ಪಕ್ಕ ಕುಳಿತಿರುವಾಗ ಹೊದಿಕೆಯ ಕೆಳಗೆ ಅವನ ಬಲಗಾಲು ಅಲುಗುತ್ತದೆ. ಹೆಬ್ಬೆರಳು ಕೆಳಕ್ಕೆ ಚಾಚಿ ಏನನ್ನೋ ತಡಕುತ್ತದೆ. ನರದ ಸೆಳೆತ, ಅದಕ್ಕೆ ಅರ್ಥವಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಇರಬಹುದು. ಕಾಲು ಸುಮ್ಮನಾದ ಮೇಲೆ ನೋಡಿಕೊಂಡರೆ, ನಾನು ಎರಡೂ ಕೈಯಲ್ಲಿ ಮಂಚವನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತೇನೆ.