ಯಜಮಾನರ ಕಿವಿ

ಹುಣಸೂರಿನಲ್ಲಿ ನಾನು ಕೆಲಸಕ್ಕಿದ್ದ ಜಾಗವನ್ನು ಎಲ್ಲರೂ ಕಂಪನಿ ಎಂದೇ ಕರೆಯುತ್ತಿದ್ದರು. ಕಂಪನಿ ಎಂದರೆ ಒಂದು ಹೆಂಚಿನ ಶೆಡ್ಡು, ಒಂದು ಲೇತು, ಒಂಬತ್ತು ಜನ ಫಿಟ್ಟರುಗಳು, ಎಲ್ಲರ ಮೇಲೂ ಕೂಗಾಡಲು ಒಬ್ಬ ಯಜಮಾನರು. ಹೊಳೆ ದಂಡೆಯ ಪಂಪು, ಅಕ್ಕಿ ಗಿರಣಿಯ ಆಯಿಲ್ ಎಂಜಿನ್ನು, ಕೋಟೆ ತಾಲೂಕಿನಿಂದ ಕೃಷ್ಣರಾಜನಗರದವರೆಗೆ ಎಲ್ಲಿ ಕೂರಿಸಬೇಕಾದರೂ ನಾವೇ ಹೋಗಬೇಕು. ಐವತ್ತರ ದಶಕದ ಆ ದಿನಗಳಲ್ಲಿ ಕರೆಂಟು ಇನ್ನೂ ಹಳ್ಳಿಗಳ ಕಡೆ ಸರಿಯಾಗಿ ಮುಖ ಹಾಕಿರಲಿಲ್ಲ. ಎಂಜಿನ್ ಕೋಣೆಗೆ ಜನ ಚಪ್ಪಲಿ ಬಿಟ್ಟು ಬರುತ್ತಿದ್ದರು.

ನಮ್ಮಲ್ಲೊಂದು ಪದ್ಧತಿಯಿತ್ತು. ಹೊಸ ಎಂಜಿನ್ನಿಗೆ ಕೊಂಡ ಮನೆಯವರು ವಿಭೂತಿ ಪಟ್ಟೆ ಎಳೆದು ಕಾಯಿ ಒಡೆದ ಮೇಲೆ ಯಜಮಾನರೇ ಹ್ಯಾಂಡಲ್ ತಿರುಗಿಸಿ ಚಾಲೂ ಮಾಡುವರು. ಆಮೇಲೆ ಮೊಳದುದ್ದದ ಹೊನ್ನೆ ಕೋಲೊಂದನ್ನು ತೆಗೆದು, ಒಂದು ತುದಿಯನ್ನು ಎಂಜಿನ್ನಿನ ಮೈಗೆ, ಇನ್ನೊಂದನ್ನು ಕಿವಿಗೆ ಒತ್ತಿಕೊಂಡು ಬಗ್ಗಿ ನಿಲ್ಲುವರು. ಒಳಗೆ ಬೇರಿಂಗು ಬಡಿಯುತ್ತಿದ್ದರೆ, ವಾಲ್ವು ಸರಿಯಾಗಿ ಕೂರದಿದ್ದರೆ, ಆ ಕೋಲಿನಲ್ಲಿ ಕೇಳುತ್ತದೆ. ಎಲ್ಲ ಸರಿಯಿದ್ದರೆ ನೆಟ್ಟಗಾಗಿ, "ಕೈ ಮುಗೀರಿ" ಎನ್ನುವರು. ಆ ಮಾತು ಬಂದರೆ ಎಂಜಿನ್ನು ಕೊಂಡವರ ಪಾಲಾಯಿತು. ಹಾಗೆ ಕೈ ಮುಗಿದ ಎಂಜಿನ್ನನ್ನು ಮುಂದಿನ ಆಯುಧಪೂಜೆಯವರೆಗೆ ಬಿಚ್ಚಿದರೆ ಮನೆಗೆ ಕೇಡು ಎಂದು ಜನ ನಂಬಿದ್ದರು. ಆ ನಂಬಿಕೆ ಹುಟ್ಟಿಸಿದವರೂ ಯಜಮಾನರೇ, ಕಂಡಕಂಡವರು ಸ್ಪ್ಯಾನರು ಹಾಕದಿರಲಿ ಎಂದು.

ಅವರ ಕೈಕೆಳಗೆ ಬಾಳುವುದು ಸುಲಭವಿರಲಿಲ್ಲ. ಗಾವಡಗೆರೆಯಲ್ಲಿ ಒಂದು ವಾಷರಿಗೆ ತುಕ್ಕು ಹಿಡಿದಿದೆ ಎಂದು ನನ್ನನ್ನು ಹುಣಸೂರಿಗೆ ನಡೆಸಿ ಹೊಸದನ್ನು ತರಿಸಿದರು. ನಾನು ಹಿಂದಿರುಗುವಷ್ಟರಲ್ಲಿ ಹೊತ್ತು ಇಳಿದಿತ್ತು. ವಾಷರನ್ನು ತಿರುಗಿಸಿ ನೋಡಿ, "ಇದ್ಕೆ ಇಷ್ಟೊತ್ತಾ?" ಎಂದರು. ಉಂಡೆಯಾ ಎಂದು ಕೇಳಲಿಲ್ಲ. ಅವರನ್ನು ಬೈದುಕೊಂಡಷ್ಟು ನಾನು ಹುಟ್ಟಿದಾಗಿನಿಂದ ಯಾರನ್ನೂ ಬೈದುಕೊಂಡಿಲ್ಲ. ಆ ಕೋಲು ಒಂದು ದಿನ ನನ್ನ ಕೈಗೆ ಬರಬೇಕು ಎಂದು ಆಸೆಪಟ್ಟಷ್ಟು ಬೇರೇನನ್ನೂ ಆಸೆಪಟ್ಟೂ ಇಲ್ಲ.

ಕೊಪ್ಪದ ಒಂದು ಅಕ್ಕಿ ಗಿರಣಿಯಲ್ಲಿ ಅದಕ್ಕೆ ದಾರಿ ತೆರೆಯಿತು. ಯಜಮಾನರು ಕೋಲಿಟ್ಟು ಕೇಳಿ, ಕೈ ಮುಗೀರಿ ಎನ್ನಲು ಬಾಯಿ ತೆರೆದಿದ್ದರು. ಪಕ್ಕದಲ್ಲಿ ನಿಂತಿದ್ದ ನನಗೆ ಕೋಲಿಲ್ಲದೆಯೇ ವಾಲ್ವಿನ ಟಕಟಕ ಕೇಳುತ್ತಿತ್ತು. ಗಾಬರಿಯಲ್ಲಿ ಅವರ ಬೆನ್ನನ್ನು ಬೆರಳಿನಿಂದ ತಟ್ಟಿಬಿಟ್ಟೆ. ಅವರು ನನ್ನ ಮುಖ ನೋಡಿ, "ನಿಲ್ಲಿಸ್ರಲಾ, ಇನ್ನೊಂದ್ಸಲಿ ಬಿಚ್ಚಿ" ಎಂದರು.

ಮಧ್ಯಾಹ್ನ ಉಣ್ಣುವಾಗ ನಾವಿಬ್ಬರೇ ಇದ್ದೆವು.

"ಯಾವಾಗ್ಲಿಂದ ಯಜಮಾನ್ರೇ?" ಎಂದೆ.

"ನಿಂಗ್ಯಾಕ್ಲಾ ಅದು?" ಎಂದು ಗದರಿದರು. ಒಂದು ತುತ್ತು ಮುದ್ದೆ ನುಂಗಿ, "ಮಾತು ಕೇಳ್ತದೆ ಕಣ್ಲಾ. ಎಂಜಿನ್ ಒಳಗಿನ ಸಣ್ಣ ಸದ್ದು ಕೇಳಕಿಲ್ಲ. ಇದು ಮನೆಯೋರ್ಗೂ ಗೊತ್ತಾಗ್‌ಬಾರ್ದು" ಎಂದರು.

ಅಲ್ಲೇ ಒಪ್ಪಂದವಾಯಿತು. ಅವರು ಕೋಲಿಟ್ಟು ಬಗ್ಗಿದಾಗ ನಾನು ಹಿಂದೆ ನಿಲ್ಲಬೇಕು. ಬೆನ್ನಿಗೆ ಒಂದು ಸಲ ತಟ್ಟಿದರೆ ಎಂಜಿನ್ನು ಸರಿ, ಎರಡು ಸಲ ತಟ್ಟಿದರೆ ದೋಷ. "ನಾನು ಬುಟ್ಮೇಲೆ ಕೋಲು ನಿಂದೇಯ" ಎಂದರು. ಆರು ವರ್ಷ ನಾನು ಅವರ ಕಿವಿಯಾಗಿದ್ದೆ. ಆ ನಡುವೆ ನನ್ನನ್ನು ಮೇಸ್ತ್ರಿ ಮಾಡಿದರು. ಒಂದು ಸಲವೂ ಸುಳ್ಳು ತಟ್ಟಲಿಲ್ಲ.

ಅಷ್ಟರಲ್ಲಿ ಅವರ ಮಗ ಮೈಸೂರಿನಲ್ಲಿ ಡಿಪ್ಲೊಮಾ ಮುಗಿಸಿ ಬಂದರು. ನಾವು ಅವರನ್ನು ಚಿಕ್ಕ ಯಜಮಾನರು ಎನ್ನುತ್ತಿದ್ದೆವು. ಅಪ್ಪ ಕೂಗಾಡಿ ಪ್ರಾಣ ತಿಂದರೆ ಮಗ ಕೂಗದೆಯೇ ತಿಂದರು. ಶೆಡ್ಡಿಗೆ ಗಡಿಯಾರ ಬಂತು, ಗಡಿಯಾರದ ಕೆಳಗೆ ಕಪ್ಪು ಹಲಗೆ ಬಂತು, ತಡವಾಗಿ ಬಂದವರ ಹೆಸರು ಸಂಜೆಯವರೆಗೆ ಅದರ ಮೇಲಿರುತ್ತಿತ್ತು. ನನ್ನ ಹೆಸರು ಮೂರು ಸಲ ಬಂತು. ಸುಳ್ಳೇಕೆ ಹೇಳಲಿ, ಅವರಿಗೆ ಕೆಲಸ ಚೆನ್ನಾಗಿ ಗೊತ್ತಿತ್ತು. ಗೊತ್ತಿಲ್ಲದಿದ್ದರೆ ನನಗೆ ಅಷ್ಟು ಹೊಟ್ಟೆ ಉರಿಯುತ್ತಿರಲಿಲ್ಲ.

ಯಜಮಾನರಿಗೆ ಮಂಡಿ ನೋವು ಹೆಚ್ಚಾಯಿತು. ಹೊಣೆಯನ್ನು ಮಗನಿಗೆ ಒಪ್ಪಿಸಿ ಎಂದು ನೆಂಟರೆಲ್ಲ ಕೂತು ಹೇಳಿದರು. ಅವರು ಶೆಡ್ಡಿನಲ್ಲಿ ಎಲ್ಲರನ್ನೂ ಸೇರಿಸಿ, "ಮಿರ್ಲೆ ಗಿರಣಿ ಎಂಜಿನ್ನ ಇಬ್ರೂ ಕೇಳಿ, ಮಗನೂ ಕೇಳ್ಲಿ, ಮೇಸ್ತ್ರಿನೂ ಕೇಳ್ಲಿ. ಕಡೇಲಿ ನಾನು ಕೇಳ್ತೀನಿ. ಯಾರ ಕಿವಿ ಸರಿಯೋ ಅವ್ರಿಗೆ ಕೋಲು" ಎಂದರು. ಎಲ್ಲರೂ ಭೇಷ್ ಎಂದರು. ಕಡೆಯಲ್ಲಿ ಕೇಳುವುದೂ ನನ್ನ ಬೆರಳೇ ಎಂದು ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು. ಕೊಟ್ಟ ಮಾತನ್ನು ಅವರು ಹೀಗೆ ಉಳಿಸಿಕೊಳ್ಳುತ್ತಿದ್ದಾರೆ ಎಂದುಕೊಂಡೆ. ನಾನು ನಿಜ ಹೇಳುತ್ತೇನೆ ಎಂದು ಅವರು ನಂಬಿದ್ದಾರೆ ಎಂದು ಆಗ ಹೊಳೆಯಲೇ ಇಲ್ಲ.

ಮಿರ್ಲೆಯ ಎಂಜಿನ್ನಿನ ಬೇರಿಂಗನ್ನು ಕೆರೆದು ಕೂರಿಸಿದವನು ನಾನೇ. ಆಗೆಲ್ಲ ಶಾಫ್ಟಿಗೆ ನೀಲಿ ಬಣ್ಣ ಹಚ್ಚಿ, ಬೇರಿಂಗಿಗೆ ಅದು ತಾಗಿದ ಕಡೆ ಕೈಯಿಂದ ಕೆರೆದು, ಮತ್ತೆ ಕೂರಿಸಿ ನೋಡಬೇಕಿತ್ತು. ಒಂದು ಕೂದಲೆಳೆ ಹೆಚ್ಚಾದರೂ ಸಡಿಲ. ಹದಿನೈದು ವರ್ಷದಿಂದ ಮಾಡಿದ್ದ ಕೆಲಸ. ಆ ವಾರ ಕೆರೆಯುವಾಗ ನನ್ನ ಗಮನವೆಲ್ಲ ಕೋಲಿನ ಮೇಲಿತ್ತು.

ಗಿರಣಿಯವರ ಮನೆಮಂದಿಯೆಲ್ಲ ಸ್ನಾನ ಮಾಡಿ ನಿಂತಿದ್ದರು. ಚಿಕ್ಕ ಯಜಮಾನರು ಮೊದಲು ಕೋಲಿಟ್ಟರು. ಎಂಜಿನ್ನಿನ ವೇಗ ತಗ್ಗಿಸಿ ಮತ್ತೆ ಕೇಳಿದರು. "ಬೇರಿಂಗ್ ಸಡಿಲ ಇದೆ, ಬಡೀತಿದೆ. ಇದನ್ನ ಕೊಡಬಾರದು" ಎಂದರು.

ನಾನು ಕೋಲು ತೆಗೆದುಕೊಂಡೆ. ಅವರ ಮಾತು ಸರಿಯಾಗಿತ್ತು. ಒಳಗೆ, ತುಂಬ ಕೆಳಗೆ, ಯಾರೋ ಬಾಗಿಲು ತಟ್ಟುವ ಹಾಗೆ ಬಡಿಯುತ್ತಿತ್ತು.

"ಏನೂ ಇಲ್ಲ, ಸರಿಯಾಗದೆ" ಎಂದೆ.

ಯಜಮಾನರು ಕಷ್ಟಪಟ್ಟು ಬಗ್ಗಿದರು. ನಾನು ಹಿಂದೆ ನಿಂತೆ. ಎರಡು ಸಲ ತಟ್ಟಿದರೆ ಕೋಲು ಹೋಯಿತು. ನನಗೆ ಮೂವತ್ತೆಂಟು. ಇಂಗ್ಲಿಷ್ ಪುಸ್ತಕ ಓದಲು ಬಾರದು, ಸುತ್ತ ಇಂಥ ಇನ್ನೊಂದು ಕಂಪನಿಯಿಲ್ಲ. ಸಾಯುವವರೆಗೂ ಆ ಹಲಗೆಯ ಮೇಲೆ ನನ್ನ ಹೆಸರು ಬರೆಸಿಕೊಳ್ಳಬೇಕು. ಕೋಲು ಬಂದ ಹಾಗೇ ಎಂದು ಮನೆಯಲ್ಲಿ ಬೇರೆ ಹೇಳಿಬಿಟ್ಟಿದ್ದೆ. ಬೇರಿಂಗನ್ನು ಆಮೇಲೆ ಬಂದು ಗುಟ್ಟಾಗಿ ಬದಲಾಯಿಸಿದರಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಅವರ ಬೆನ್ನಿನ ಅಂಗಿ ಬೆವರಿಗೆ ಅಂಟಿತ್ತು. ಒಂದು ಸಲ ತಟ್ಟಿದೆ.

ಅವರು ಕೂಡಲೇ ಏಳಲಿಲ್ಲ. ಇನ್ನೊಂದಕ್ಕೆ ಕಾಯುತ್ತಿದ್ದರೋ ಏನೋ. ಆಮೇಲೆ ನೆಟ್ಟಗಾಗಿ "ಕೈ ಮುಗೀರಿ" ಎಂದು ಕೋಲನ್ನು ನನ್ನ ಕೈಗಿತ್ತರು. ಚಿಕ್ಕ ಯಜಮಾನರು ಅಲ್ಲಿಂದಲೇ ಬಸ್ಸು ಹತ್ತಿ ಮೈಸೂರಿಗೆ ಹೊರಟುಹೋದರು.

ನಾಲ್ಕನೆಯ ದಿನ ಹೊಸ ಬೇರಿಂಗನ್ನು ಚೀಲದಲ್ಲಿಟ್ಟುಕೊಂಡು, ಕೃಷ್ಣರಾಜನಗರದಲ್ಲಿ ಬಾಡಿಗೆ ಸೈಕಲ್ ಹಿಡಿದು ಮಿರ್ಲೆಗೆ ಹೋದೆ. ಗಿರಣಿಯವರು ಮಜ್ಜಿಗೆ ಕೊಟ್ಟರು. ಎಂಜಿನ್ನನ್ನು ಒಂದು ಸಲ ಬಿಚ್ಚಿ ನೋಡುತ್ತೇನೆ ಎಂದೆ.

"ಎಲ್ಲಾದ್ರೂ ಉಂಟಾ ಮೇಸ್ತ್ರಿ? ಯಜಮಾನ್ರು ಹೇಳಿ ಕೈ ಮುಗ್ದಿದ್ದೀವಿ. ಬರೋ ವರ್ಸ ಆಯುಧಪೂಜೆ ಆಗ್ಲಿ, ಆಮ್ಯಾಕೆ ಬಿಚ್ಚೀರಂತೆ."

"ಸುಮ್ಕೆ ನೋಡ್ತೀನಿ ಸೋಮಿ, ಅರ್ಧ ದಿನದ ಕೆಲ್ಸ."

"ಯಾಕೆ, ಏನಾರಾ ದೋಸ ಐತಾ?"

ಬಾಯಿಗೆ ಬಂದಿತ್ತು. ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. "ಏನಿಲ್ಲ ಬುಡಿ" ಎಂದು ಮಜ್ಜಿಗೆ ಕುಡಿದು ಬಂದೆ. ಇನ್ನೂ ಎರಡು ಸಲ ಹೋದೆ, ಕಾಲು ಹಿಡಿಯುವುದೊಂದು ಬಾಕಿ. ಅವರು ಒಪ್ಪಲಿಲ್ಲ. ಆಮೇಲೆ ಮಿರ್ಲೆ ಕಡೆಯಿಂದ ಯಾರು ಶೆಡ್ಡಿಗೆ ಬಂದರೂ ಲೇತಿನ ಹಿಂದೆ ಸರಿದುಕೊಳ್ಳುತ್ತಿದ್ದೆ.

ಸುಗ್ಗಿಯ ನಡುವೆ ಗಿರಣಿಯವರೇ ಬಂದರು. ಟವಲಿನಲ್ಲಿ ಸುತ್ತಿ ತಂದಿದ್ದ ಮುರಿದ ಕನೆಕ್ಟಿಂಗ್ ರಾಡನ್ನು ಯಜಮಾನರ ಮೇಜಿನ ಮೇಲಿಟ್ಟರು. ಬೇರಿಂಗು ಪುಡಿಯಾಗಿ, ರಾಡು ತುಂಡಾಗಿ, ಎಂಜಿನ್ನಿನ ಹೊಟ್ಟೆ ಒಡೆದುಕೊಂಡು ಹೊರಬಂದಿತ್ತು. ಯಾರಿಗೂ ಪೆಟ್ಟಾಗಲಿಲ್ಲ, ಅದು ಅವರ ಪುಣ್ಯ, ನನ್ನದಲ್ಲ. ಅಂಗಳದಲ್ಲಿ ನಾಲ್ಕು ಊರಿನ ಬತ್ತ ಬಿದ್ದಿದೆಯಂತೆ. ಅವರು ಜಗಳಕ್ಕೆ ಬಂದಿರಲಿಲ್ಲ.

"ನಮ್ದೇ ಏನೋ ಮೈಲಿಗೆ ಆಗಿರ್ಬೇಕು ಯಜಮಾನ್ರೇ. ಸಾಂತಿ ಮಾಡುಸ್ಬೇಕಾ ಹೇಳಿ" ಎಂದರು.

ನಾನು ಲೇತಿನ ಪಕ್ಕ ನಿಂತಿದ್ದೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಯಜಮಾನರು ರಾಡನ್ನು ತಿರುಗಿಸಿ ನೋಡಿದರು. ಆಮೇಲೆ ಒಂಬತ್ತು ಜನಕ್ಕೂ ಕೇಳುವಂತೆ ಹೇಳಿದರು. "ಮೈಲಿಗೆ ಅಲ್ಲ ಸೋಮಿ. ಎಂಜಿನ್ ಕೇಳ್ದೋನು ನಾನು. ನನ್ ಕಿವಿ ವೋಗಿ ಆರು ವರ್ಸ ಆಗದೆ. ಯಾರ್ಗೂ ಹೇಳಿರ್ಲಿಲ್ಲ. ನಾಳೆ ಬೇರೆ ಎಂಜಿನ್ ಕಳುಸ್ತೀನಿ, ವೋಗಿ."

ಹೆಂಡತಿಗೂ ಹೇಳದೆ ಮುಚ್ಚಿಟ್ಟಿದ್ದ ಮಾತು ಅದು. ಗಿರಣಿಯವರು ಹೋದರು, ಮಿಕ್ಕವರೂ ಒಬ್ಬೊಬ್ಬರಾಗಿ ಹೊರಗೆ ಹೋದರು. ನಾನು ಅವರ ಮುಂದೆ ಹೋಗಿ ನಿಂತೆ. ಯಜಮಾನ್ರೇ ಎಂದೆ. ಅಳುತ್ತಿದ್ದೆ.

ಅವರು ಮೇಜು ಹಿಡಿದುಕೊಂಡು ಎದ್ದು, ನನಗೆ ಬೆನ್ನು ತಿರುಗಿಸಿ ಬಗ್ಗಿ ನಿಂತರು.

"ಮಿರ್ಲೇದು ಈಗ ಹೇಳ್ಲಾ" ಎಂದರು.

ಒಂದು ಸಲ ತಟ್ಟಿದೆ. ಅವರು ಕಾಯುತ್ತ ಹಾಗೇ ನಿಂತಿದ್ದರು. ಇನ್ನೊಂದು ಸಲ ತಟ್ಟಿದೆ.

"ಹೂಂ" ಎಂದರು. ನನ್ನ ಕಡೆ ತಿರುಗದೆಯೇ, "ಕೋಲ ಮೇಜಿನ ಮ್ಯಾಲೆ ಮಡುಗು. ಮಗಂಗೆ ಕಾಗ್ದ ಬರೀಬೇಕು. ನಾಳೆ ಎಂಟ್ಗಂಟ್ಗೆ ಬಾ, ಬೇರಿಂಗ್ ಕೆರ್ಯದದೆ" ಎಂದರು.

ಮರುದಿನ ಎಂಟಕ್ಕೆ ಮೊದಲೇ ಹೋದೆ. ಕೆಲಸ ಬಿಟ್ಟು ಹೋಗಲು ನನಗೆ ಬೇರೆ ಜಾಗವಿರಲಿಲ್ಲ. ಚಿಕ್ಕ ಯಜಮಾನರು ಬಂದು ಕೋಲು ತೆಗೆದುಕೊಂಡ ಮೇಲೂ ನಾನು ಅಲ್ಲೇ ಬಹಳ ವರ್ಷ ಬೇರಿಂಗು ಕೆರೆದೆ. ಅವರು ಎಂಜಿನ್ನಿಗೆ ಕೋಲಿಟ್ಟು ಬಗ್ಗಿದಾಗ ಹಿಂದೆ ಯಾರೂ ನಿಲ್ಲಬೇಕಾಗಿರಲಿಲ್ಲ.