ತವರಿನ ಕರೆಗಾಗಿ ಅಲೆಯುವ ಶಶಿಪ್ರಭಾ

ಭಾನುವಾರ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೆಳ್ತಂಗಡಿ ತಾಲೂಕಿನ ಘಟ್ಟದ ಬುಡದಲ್ಲಿರುವ ಮೇಲ್‌ಕಜೆಯ ಯಮುನಕ್ಕನ ಜಗಲಿಯಲ್ಲಿ ಇಬ್ಬರು ಹೆಂಗಸರು ತಡ್ಪೆ ಎದುರಿಗಿಟ್ಟುಕೊಂಡು ಕುಳಿತಿದ್ದಾರೆ. ತಡ್ಪೆ ಎಂದರೆ ಮೊರ. ಈ ಕಡೆ ಅದು ಅಕ್ಕಿ ಕೇರಿದ್ದಕ್ಕಿಂತ ಬೀಡಿ ಕಟ್ಟಿದ್ದೇ ಹೆಚ್ಚು. ಯಮುನಕ್ಕನ ಬೆರಳುಗಳು ಕಣ್ಣಿನ ಸಹಾಯವಿಲ್ಲದೆ ಎಲೆ ಸುತ್ತಿ ನೂಲು ಬಿಗಿಯುತ್ತಿವೆ. ಪಕ್ಕದಲ್ಲಿ ಕತ್ತರಿ ಹಿಡಿದು ಎಲೆ ಕತ್ತರಿಸುತ್ತಿರುವವರು ಸಿದ್ಧಕಟ್ಟೆಯ ಶಶಿಪ್ರಭಾ. ನಿನ್ನೆ ಸಂಜೆಯ ಬಸ್ಸಿಗೇ ಬಂದು ಇಲ್ಲಿ ಉಳಿದಿದ್ದಾರೆ.

"ಮೆಲ್ಲ ಮಾರಾಯ್ತಿ, ಎಲೆ ಹರಿದು ಹೋಗ್ತದೆ," ಎಂದು ಯಮುನಕ್ಕ ಗದರುತ್ತಾರೆ. "ಇಷ್ಟು ವರ್ಷ ಆಯ್ತು, ಇನ್ನೂ ಒಂದು ಎಲೆ ಸರಿ ಕತ್ತರಿಸ್ಲಿಕ್ಕೆ ಬರುದಿಲ್ಲ ನಿನಗೆ."

ಶಶಿಪ್ರಭಾ ನಗುತ್ತಾರೆ. ಬೀಡಿ ಅವರ ಕಸುಬಲ್ಲ, ಮಾತು ಕೇಳುವುದು ಅವರ ಕಸುಬು. ಮಾನವಶಾಸ್ತ್ರದ ಅಧ್ಯಯನಗಳಿಗಾಗಿ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಹಳ್ಳಿಗಳಲ್ಲಿ ಜನರ ಜತೆ ಕುಳಿತು ಅವರ ಬದುಕಿನ ರೀತಿನೀತಿಗಳನ್ನು ಅರಿತು ತಿಳಿಸುವುದು. ನೇಮಕದ ಕಾಗದದಲ್ಲಿ ಅದಕ್ಕೆ 'ಕ್ಷೇತ್ರ ಸಹಾಯಕಿ' ಎಂದು ಹೆಸರು. ಊರವರ ಬಾಯಲ್ಲಿ ಅವರು 'ಕೇಳುವ ಅಕ್ಕ'. ಎದುರು ಕುಳಿತು ಪ್ರಶ್ನೆ ಹಾಕಿದರೆ ಜನ ಶಾಲೆಯ ಕನ್ನಡದಲ್ಲಿ ಶಾಲೆಯ ಉತ್ತರವನ್ನೇ ಕೊಡುತ್ತಾರೆ. ಪಕ್ಕದಲ್ಲಿ ಕುಳಿತು ಕೆಲಸಕ್ಕೆ ಕೈ ಹಾಕಿದರೆ ತುಳುವಿನಲ್ಲಿ ಮನಸ್ಸು ಬಿಚ್ಚುತ್ತಾರೆ. ಹಾಗಾಗಿ ಅವರು ಎಲೆ ಕತ್ತರಿಸುತ್ತಾರೆ, ಹಲಸಿನ ಬೀಜ ಸುಲಿಯುತ್ತಾರೆ, ಮಕ್ಕಳ ಮೂಗು ಒರೆಸುತ್ತಾರೆ.

ಇವತ್ತು ಮಾತ್ರ ಅವರ ಕಿವಿ ಮಾತಿನ ಮೇಲಿಲ್ಲ. ಕೆಳಗಿನ ರಸ್ತೆಯಲ್ಲಿ ಒಂದು ವಾಹನ ಏರು ಹತ್ತಿದ ಸದ್ದು ಕೇಳಿದರೂ ಕತ್ತರಿ ನಿಲ್ಲುತ್ತದೆ. ಸಂಜೆಯೊಳಗೆ ಮೂಡುಬಿದಿರೆಯಿಂದ ಯಮುನಕ್ಕನ ಅಣ್ಣನ ಮಗ ಶೋಧನ್ ಬಂದು ಅತ್ತೆಯನ್ನು ತವರಿಗೆ ಕರೆದೊಯ್ಯಬೇಕು. ಇವತ್ತು ಸಂಕ್ರಮಣ, ನಾಳೆಯಿಂದ ಆಟಿ.

ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಬರುವ ಆಟಿ ತುಳುವರಿಗೆ ಕಷ್ಟದ ತಿಂಗಳು. ಮದುವೆ ಇಲ್ಲ, ಮುಂಜಿ ಇಲ್ಲ, ಹೊಸ ಮನೆಗೆ ಹೋಗುವುದಂತೂ ಇಲ್ಲವೇ ಇಲ್ಲ. ಮಳೆ ಆಕಾಶ ತೂತಾದಂತೆ ಸುರಿಯುವುದೂ ಆಗಲೇ, ಘಟ್ಟದ ಬುಡದ ಗುಡ್ಡಗಳು ಜಾರುವುದೂ ಆಗಲೇ. ಜಗತ್ತಿನ ಹವಾಮಾನ ಕೆಡುತ್ತಿದೆ ಎಂದು ದೂರದ ದೊಡ್ಡ ಊರುಗಳಲ್ಲಿ ಸಭೆಗಳು ನಡೆಯುತ್ತವೆ. ಆ ಕೆಟ್ಟ ಹವಾಮಾನ ಇಲ್ಲಿ ಯಮುನಕ್ಕನ ಬಚ್ಚಲಿನ ಹಿಂದೆ ಒಂದು ಬಿರುಕಾಗಿ ಬಂದು ನಿಂತಿದೆ. ಕಳೆದ ವರ್ಷ ಅದರಲ್ಲಿ ಬೆರಳು ಹೋಗುತ್ತಿತ್ತು, ಈ ವರ್ಷ ಕೈ ಹೋಗುತ್ತದೆ. ಇಲಾಖೆಯವರು ಬಂದು ಗೂಟ ಹೊಡೆದು, ಎಚ್ಚರಿಕೆಯ ಪ್ಲಾಸ್ಟಿಕ್ ಪಟ್ಟಿ ಕಟ್ಟಿ, ನೋಟಿಸು ಅಂಟಿಸಿ ಹೋದರು. ಪಟ್ಟಿಯ ಮೇಲೆ ಈಗ ಸೊಸೆ ಮಗುವಿನ ಬಟ್ಟೆ ಒಣಹಾಕುತ್ತಾಳೆ.

ಹಾಗೆಂದು ಯಮುನಕ್ಕನಿಗೆ ಬುದ್ಧಿ ಇಲ್ಲ ಎಂದುಕೊಳ್ಳಬೇಡಿ. ಅಪಾಯ ಅವರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಆದರೆ ಎಲ್ಲಿಗೆ ಹೋಗುವುದು, ಏನಾಗಿ ಹೋಗುವುದು? ಶಾಲೆಯಲ್ಲಿ ಗಂಜಿ ಕೇಂದ್ರ ತೆರೆಯುತ್ತಾರೆ, ನಿಜ. "ಮನೆ ನಿಂತಿರುವಾಗ ಗಂಜಿ ಕೇಂದ್ರದಲ್ಲಿ ಬಟ್ಟಲು ಹಿಡಿದು ನಿಲ್ಲುದಾ? ನಾಲ್ಕು ಜನಕ್ಕೆ ಬಡಿಸಿ ಉಂಡವರು ನಾವು," ಎನ್ನುತ್ತಾರೆ ಅವರು. ಸೊಸೆಯನ್ನು ಅವಳ ತವರಿನವರು ಆಗಲೇ ಬಂದು ಕರೆದಿದ್ದಾರೆ. ಅತ್ತೆಯೊಬ್ಬರನ್ನೇ ಬಿಟ್ಟು ಹೋಗಲು ಅವಳು ಒಪ್ಪುವುದಿಲ್ಲ. ಬೆಳ್ತಂಗಡಿಯಲ್ಲಿ ರಿಕ್ಷಾ ಓಡಿಸುವ ಮಗ ಯತೀಶನೂ ಅಷ್ಟೇ: "ಅಮ್ಮ ಎದ್ದರೆ ನಾವು ಅದೇ ಗಳಿಗೆ ಏಳ್ತೇವೆ." ಒಬ್ಬ ಮುದುಕಿಯನ್ನು ಯಾರಾದರೂ ಮರ್ಯಾದೆಯಿಂದ ಕರೆದರೆ ನಾಲ್ಕು ಜೀವ ಗುಡ್ಡ ಇಳಿಯುತ್ತವೆ. ಆ ಕರೆಯನ್ನು ಹುಟ್ಟಿಸಲು ಶಶಿಪ್ರಭಾ ಎರಡು ತಿಂಗಳಿನಿಂದ ಅಲೆಯುತ್ತಿದ್ದಾರೆ.

ಈ ಹುಚ್ಚು ಅವರಿಗೆ ಹಿಡಿದದ್ದು ಯಾಕೆ ಎನ್ನುವುದು ಇಡೀ ತಾಲೂಕಿಗೆ ಗೊತ್ತು.

ಪಿಯುಸಿ ಓದಿ, ಮದುವೆಯಾಗಿ, ಸಿದ್ಧಕಟ್ಟೆಯ ಜೆರಾಕ್ಸ್ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ ಶಶಿಪ್ರಭಾ ಈ ದಾರಿಗೆ ಬಂದದ್ದು ಪ್ರೊಫೆಸರ್ ಜಿನದತ್ತರಿಂದ. ಮಾನವಶಾಸ್ತ್ರ ಕಲಿಸುತ್ತಿದ್ದ ಅವರು ಮೂಡುಬಿದಿರೆಯವರೇ. ಮಳೆ ಎಷ್ಟು ಬೀಳುತ್ತದೆಂದು ಯಂತ್ರ ಹೇಳುತ್ತದೆ, ಅಷ್ಟು ಬಿದ್ದರೂ ಮನುಷ್ಯ ಯಾಕೆ ಎದ್ದು ಹೋಗುವುದಿಲ್ಲ ಎಂದು ಯಂತ್ರ ಹೇಳುವುದಿಲ್ಲ. ಅದನ್ನು ಹುಡುಕುವುದು ಅವರ ಅಧ್ಯಯನವಾಗಿತ್ತು. ಮನೆಮನೆಯ ಒಳಗೆ ಹೋಗಬಲ್ಲ ಹೆಂಗಸೊಬ್ಬಳು ಬೇಕಾಗಿತ್ತು. ಶಶಿಪ್ರಭಾ ಹೋದರು, ಹತ್ತು ವರ್ಷ ಹೋದರು. ಜನರ ನಂಬಿಕೆಯನ್ನು ತುಳಿದು ಯಾರಿಗೂ ಒಳಿತು ಮಾಡಲಾಗದು ಎಂಬ ಪಾಠವನ್ನು ಅವರು ಅಲ್ಲಿ ಕಲಿತರು. ಒಳ್ಳೆಯ ಪಾಠವೇ.

ಎರಡು ವರ್ಷದ ಹಿಂದೆ, ಗುಡ್ಡ ಜಾರುವ ಭಯವಿದ್ದ ಬೊಳ್ಳೆಕಜೆಯವರಿಗೆ ಲಾಯಿಲದ ಕಡೆ ಹೊಸ ಮನೆಗಳು ಸಿದ್ಧವಾದವು. ಬೊಳ್ಳೆಕಜೆ ಇಲ್ಲಿಂದ ಒಂದು ಹಳ್ಳ ದಾಟಿದರೆ ಸಿಗುತ್ತಿದ್ದ ಊರು. ಕೀಲಿಕೈ ಕೊಡುವ ಹೊತ್ತಿಗೆ ಆಟಿ ಕಾಲಿಟ್ಟಿತ್ತು. ಕೂಡಲೇ ಹೋಗಿ ಎಂದರು ಇಲಾಖೆಯವರು, ಜನ ಮುಖ ಮುಖ ನೋಡಿಕೊಂಡರು. ಪ್ರೊಫೆಸರರು ಶಶಿಪ್ರಭಾ ಅವರನ್ನೇ ಕೇಳಿದರು, ಬೇರೆ ದಾರಿ ಇಲ್ಲವೇ ಎಂದು. ಒಂದಲ್ಲ, ಎರಡು ಸಲ ಕೇಳಿದರು.

"ಇಲ್ಲ ಸರ್ ಅಂತ ನಾನೇ ಹೇಳಿದ್ದು," ಎನ್ನುತ್ತಾರೆ ಶಶಿಪ್ರಭಾ. ದನಿ ಏರುವುದಿಲ್ಲ, ಕತ್ತರಿಯೂ ನಿಲ್ಲುವುದಿಲ್ಲ. "ಆಟಿಯಲ್ಲಿ ಯಾರೂ ಮನೆ ಬದಲಿಸುದಿಲ್ಲ, ಒತ್ತಾಯ ಮಾಡಿದ್ರೆ ಮತ್ತೆ ಯಾವತ್ತೂ ಹೋಗುದಿಲ್ಲ ಅಂದೆ. ಆಟಿ ಮುಗಿದು ಸೋಣ ಸಂಕ್ರಮಣ ಆದ ಮೇಲೆ ಒಂದು ಒಳ್ಳೆ ದಿನ ಇಡುವ ಅಂದೆ. ನಾನು ಈ ಕಡೆಯದ್ದೇ ಹೆಣ್ಣಲ್ಲವಾ? ಅದಕ್ಕೇ ಎಲ್ಲರೂ ನಂಬಿದ್ರು."

ಎಲ್ಲರಿಗೂ ಅದು ಅನುಕೂಲವೇ ಆಯಿತು. ಸಮಾರಂಭ ಏರ್ಪಡಿಸಲು ಇಲಾಖೆಗೆ ಸಮಯ ಸಿಕ್ಕಿತು, ಜನರಿಗೆ ನೆಮ್ಮದಿ ಸಿಕ್ಕಿತು. ಆಟಿಯ ಎರಡನೇ ವಾರ, ಮಧ್ಯಾಹ್ನ ಊಟದ ಹೊತ್ತಿಗೆ, ಬೊಳ್ಳೆಕಜೆಯ ಗುಡ್ಡ ಇಳಿದು ಬಂತು. ಅಶ್ವಿತ್ ಎಂಬ ಹುಡುಗ, ಅವನ ಅಪ್ಪ, ಅಮ್ಮ, ಮೂವರೂ ಮಣ್ಣಿನಡಿ ಹೋದರು. ಅಮ್ಮ ಸಿಕ್ಕಿದ್ದು ಬಾಳೆಎಲೆಯ ಎದುರು ಕುಳಿತ ಹಾಗೆಯೇ.

ಆ ಮನೆಯಲ್ಲಿ ಉಳಿದವಳು ಒಬ್ಬಳೇ, ಅಶ್ವಿತ್‌ನ ಹೆಂಡತಿ ಸಾತ್ವಿಕಾ. ಮದುವೆಯಾಗಿ ಮೂರು ತಿಂಗಳಾಗಿತ್ತು. ಮೊದಲ ಆಟಿಗೆ ಮದುಮಗಳನ್ನು ತವರಿನವರು ಬಂದು ಕರೆದೊಯ್ಯುತ್ತಾರೆ. 'ಆಟಿ ಕುಳ್ಳುವುದು' ಎನ್ನುತ್ತಾರೆ ಇದನ್ನು. ತವರಿನಲ್ಲಿ ಸುಮ್ಮನೆ ಕೂತು ಉಂಡು ಬರುವ ಒಂದು ತಿಂಗಳು. ಸಾತ್ವಿಕಾ ವಿಟ್ಲದ ತವರಿನಲ್ಲಿ ಹಾಗೆ ಕುಳಿತಿದ್ದಳು, ಬದುಕಿದಳು.

ಶಶಿಪ್ರಭಾ ಅವಳನ್ನು ನೋಡಲು ವಿಟ್ಲಕ್ಕೆ ಹೋದರು. ಬೈದರೆ ಬೈಸಿಕೊಳ್ಳುವ, ಹೊಡೆದರೆ ಹೊಡೆಸಿಕೊಳ್ಳುವ ಎಂದೇ ಹೋದದ್ದು. ಹುಡುಗಿ ಬೈಯಲಿಲ್ಲ. ಕೇಳಿದ್ದು ಇಷ್ಟೇ: "ಅಕ್ಕ, ಅತ್ತೆಗೂ ತವರು ಉಂಟಲ್ಲ. ಅವರನ್ನೂ ಆಟಿ ಕುಳ್ಳಲಿಕ್ಕೆ ಕಳಿಸ್ಬಹುದಿತ್ತಲ್ಲ? ಅತ್ತೆ ಇಲ್ಲದ ಮನೆಯಲ್ಲಿ ಮಾವನೂ ಇವರೂ ಒಲೆ ಹೊತ್ತಿಸಿಕೊಂಡು ಕೂತಿರ್ತಿರ್ಲಿಲ್ಲ. ನನ್ನ ಹಿಂದೆಯೇ ಬರ್ತಿದ್ರು."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಹಾಗಾಯಿತು. ಮನೆ ಬಿಡಬೇಡ ಎನ್ನುವ ಆಟಿಯೇ ಹೆಣ್ಣಿಗೆ ತವರಿಗೆ ಹೋಗು ಎಂದೂ ಹೇಳುತ್ತದೆ. ಬೇರೆಯವರಿಗೆ ಇದು ಹೊಳೆಯದಿದ್ದರೆ ಕ್ಷಮಿಸಬಹುದು. ತಾವೇ ಒಮ್ಮೆ ಆಟಿ ಕುಳಿತು ಬಂದಿದ್ದ ಶಶಿಪ್ರಭಾ ಅದನ್ನು ಮರೆತರು, ಯಾಕೆಂದರೆ ಅದು ಮದುಮಗಳ ಸಡಗರ, ಮುದುಕಿಯರಿಗೆ ಸಂಬಂಧಿಸಿದ್ದಲ್ಲ ಎಂದು ಅವರೂ ಅಂದುಕೊಂಡಿದ್ದರು. ಬೊಳ್ಳೆಕಜೆಯವರು ಇವತ್ತಿಗೂ ಅವರನ್ನು ದೂರುವುದಿಲ್ಲ. "ವಿಧಿ, ನೀನೆಂತ ಮಾಡ್ತಿ," ಎನ್ನುತ್ತಾರೆ. ಶಶಿಪ್ರಭಾ ಅವರಿಗೆ ಬೈಗುಳಕ್ಕಿಂತ ಅದೇ ಹೆಚ್ಚು ಚುಚ್ಚುತ್ತದೆ.

ಪ್ರೊಫೆಸರರು ನಿವೃತ್ತರಾದರು, ಅಧ್ಯಯನ ಮುಗಿಯಿತು. ಈಗ ಚಿಕ್ಕದೊಂದು ಸಂಸ್ಥೆ ಆಟಿಗೆ ಮುಂಚಿನ ಮೂರು ತಿಂಗಳಿಗೆ ಶಶಿಪ್ರಭಾ ಅವರನ್ನು ಇಟ್ಟುಕೊಳ್ಳುತ್ತದೆ, ಉಳಿದ ಕಾಲಕ್ಕೆ ಜೆರಾಕ್ಸ್ ಅಂಗಡಿಯೇ ಗತಿ. ಗುಡ್ಡದ ಬುಡದ ಮನೆಗಳಲ್ಲಿ ವಯಸ್ಸಾದ ಹೆಂಗಸರ ತವರು ಯಾವುದು, ಅಲ್ಲಿ ಈಗ ಯಾರಿದ್ದಾರೆ ಎಂದು ತಿಳಿದುಕೊಂಡು ಆ ಮನೆಗಳ ಬಾಗಿಲಿಗೆ ಹೋಗಿ ನಿಲ್ಲುತ್ತಾರೆ: ನಿಮ್ಮ ಅಕ್ಕನನ್ನು ಆಟಿಗೆ ಕರೆಯಿರಿ, ನಿಮ್ಮ ಅತ್ತೆಯನ್ನು ಕರೆಯಿರಿ. ಕೇಳಲು ಎಷ್ಟು ಚೆಂದದ ಉಪಾಯ! ಮೊದಲ ವರ್ಷ ಅವರೂ ಹಾಗೇ ನಂಬಿದ್ದರು.

ತವರು ಎಂಬುದು ಹಾಡಿನಲ್ಲಿ ಇದ್ದಷ್ಟು ಗಟ್ಟಿಯಾಗಿ ನೆಲದ ಮೇಲೆ ಇಲ್ಲ. ಅಣ್ಣ ಸತ್ತಿರುತ್ತಾನೆ, ಅತ್ತಿಗೆಗೆ ಮುಖ ಕಂಡರಾಗುವುದಿಲ್ಲ, ಪಾಲಿನ ವಿಷಯದಲ್ಲಿ ಮಾತು ಬಿಟ್ಟಿರುತ್ತಾರೆ. ಒಂದು ಮನೆಯಲ್ಲಿ "ಈ ಪ್ರಾಯದಲ್ಲಿ ಎಂತ ಆಟಿ ಅವರಿಗೆ?" ಎಂದು ನಕ್ಕರು. ಇನ್ನೊಂದು ಮನೆಯಲ್ಲಿ ಬಾಗಿಲೇ ತೆರೆಯಲಿಲ್ಲ. ಈ ವರ್ಷ ತಟ್ಟಿದ ಬಾಗಿಲುಗಳಲ್ಲಿ ಬಂದು ಕರೆದೊಯ್ದವರು ಇಬ್ಬರೇ. ಎಲ್ಲವನ್ನೂ ಆಟಿಯ ತಲೆಗೆ ಕಟ್ಟುವಂತೆಯೂ ಇಲ್ಲ. ಇದೇ ಮೇಲ್‌ಕಜೆಯ ತುದಿಮನೆಯ ಇಬ್ರಾಹಿಂ ಹೇಳುತ್ತಾರೆ: "ನಮಗೆ ಆಟಿಯೂ ಇಲ್ಲ, ಸೋಣವೂ ಇಲ್ಲ ಅಕ್ಕ. ಆದ್ರೆ ಹೋಗ್ಲಿಕ್ಕೆ ಜಾಗವೂ ಇಲ್ಲ."

ಶೋಧನ್‌ನ ವಿಷಯ ಹಾಗಾಗಲಿಕ್ಕಿಲ್ಲ ಎಂದು ಅನಿಸಿತ್ತು. ಯಮುನಕ್ಕನೊಡನೆ ಮಾತುಬಿಟ್ಟ ಮನೆಯಾದರೂ ಹುಡುಗ ಮೆದು. ಶಶಿಪ್ರಭಾ ನಾಲ್ಕನೇ ಸಲ ಹೋದಾಗ ಅವನ ಕಣ್ಣು ಒದ್ದೆಯಾಗಿತ್ತು. "ಅತ್ತೆ ನನ್ನನ್ನು ಎತ್ತಿ ಆಡಿಸಿದವರು. ಸಂಕ್ರಮಣದ ದಿನ ಬಂದೇ ಬರ್ತೇನೆ," ಎಂದಿದ್ದ.

ಮಧ್ಯಾಹ್ನ ಕಳೆಯುತ್ತದೆ. ಯಮುನಕ್ಕ ತಲೆ ಬಾಚಿ, ಒಳ್ಳೆಯ ಸೀರೆ ಉಟ್ಟು, ಮಲ್ಲಿಗೆಯ ತುಂಡೊಂದನ್ನು ಮುಡಿದು ಜಗಲಿಗೆ ಬರುತ್ತಾರೆ. ಎಪ್ಪತ್ತು ದಾಟಿದ ಹೆಂಗಸಿನ ಮುಖದಲ್ಲಿ ನಾಚಿಕೆ ಇದೆ. ತವರಿಗೆ ಒಯ್ಯಲೆಂದು ಹಪ್ಪಳದ ಕಟ್ಟು ಸಿದ್ಧವಾಗಿದೆ. ಸೊಸೆಯೂ ಬಟ್ಟೆಯ ಗಂಟು ಬಾಗಿಲಿಗೆ ತಂದಿಟ್ಟಿದ್ದಾಳೆ. ಯತೀಶ ರಿಕ್ಷಾವನ್ನು ಅಂಗಳದಲ್ಲಿ ತಿರುಗಿಸಿ ನಿಲ್ಲಿಸಿದ್ದಾನೆ. ಮಳೆ ಒಂದೇ ಸಮನೆ ಹೊಯ್ಯುತ್ತಿದೆ.

ನಾಲ್ಕಾಗುತ್ತದೆ, ಐದಾಗುತ್ತದೆ. ಶಶಿಪ್ರಭಾ ಅಂಗಳದ ಮೂಲೆಗೆ ಹೋಗಿ, ಕೊಡೆಯಡಿ ನಿಂತು ಫೋನು ಹಚ್ಚುತ್ತಾರೆ.

"ಅಕ್ಕ, ಇವತ್ತು ಆಗ್ಲಿಲ್ಲ," ಎನ್ನುತ್ತಾನೆ ಶೋಧನ್. "ಮನೆಯಲ್ಲಿ ಸ್ವಲ್ಪ ಮಾತುಕತೆ ಆಯ್ತು. ಅಮ್ಮ ಒಪ್ಪುದಿಲ್ಲ. ಮುಂದಿನ ವಾರ ನೋಡುವ. ಆಟಿ ಇಡೀ ತಿಂಗಳು ಉಂಟಲ್ಲ?"

ಶಶಿಪ್ರಭಾ ತಿರುಗುವಷ್ಟರಲ್ಲಿ ಯಮುನಕ್ಕನಿಗೆ ಅರ್ಥವಾಗಿದೆ. ಫೋನಿನಲ್ಲೇ ಕರೆದರೆ ಸಾಲದೇ ಎಂದು ಶಶಿಪ್ರಭಾ ಗೋಗರೆಯುತ್ತಾರೆ. "ಫೋನಿನಲ್ಲಿ ಯಾರನ್ನು ಬೇಕಾದ್ರೂ ಕರೀಬಹುದು. ಹೆಣ್ಣನ್ನು ಕರ್ಕೊಂಡು ಹೋಗ್ಲಿಕ್ಕೆ ಜನ ಬರ್ಬೇಕು," ಎನ್ನುತ್ತಾರೆ ಯಮುನಕ್ಕ. ಮುಂದಿನ ವಾರ ಬಂದರೆ? "ಸಂಕ್ರಮಣ ದಾಟಿದ ಮೇಲೆ ಹೋದ್ರೆ ಅದು ಆಟಿ ಕುಳ್ಳುದಲ್ಲ, ಆಟಿಯಲ್ಲಿ ಮನೆ ಬಿಡುದು." ಹಾಗಾದರೆ ಸಿದ್ಧಕಟ್ಟೆಗೆ, ನಮ್ಮ ಮನೆಗೆ ಬನ್ನಿ, ನಾನೇ ಕರೆಯುತ್ತೇನೆ, ಕಾಲು ಹಿಡಿಯುತ್ತೇನೆ ಎಂದು ಶಶಿಪ್ರಭಾ ನಿಜಕ್ಕೂ ಬಾಗುತ್ತಾರೆ. ಯಮುನಕ್ಕ ಅವರ ಕೈ ಹಿಡಿದು ಎತ್ತುತ್ತಾರೆ.

"ನೀನು ನನಗೆ ಹೊರಗಿನವಳಲ್ಲ ಮಗಾ. ಆದ್ರೆ ನೀನು ನನ್ನ ತವರೂ ಅಲ್ಲ. ತವರಿನವರು ಕರೀಲಿಲ್ಲ, ನೀನು ಕರೆದೆ ಅಂತ ನಾನು ಹೇಳಿಕೊಂಡು ತಿರುಗುದಾ?"

ಯತೀಶ ಅಮ್ಮನ ಮುಖ ನೋಡುತ್ತಾನೆ. ರಿಕ್ಷಾವನ್ನು ಮತ್ತೆ ಕೊಟ್ಟಿಗೆಯ ಬದಿಗೆ ತಳ್ಳುತ್ತಾನೆ. ಸೊಸೆ ಗಂಟು ಒಳಗೆ ಒಯ್ಯುತ್ತಾಳೆ. ಯಮುನಕ್ಕ ಒಳ್ಳೆಯ ಸೀರೆ ಬಿಚ್ಚಿಟ್ಟು, ಹಳೆಯದನ್ನು ಉಟ್ಟು ಬಂದು, ಹಪ್ಪಳದ ಕಟ್ಟನ್ನು ಶಶಿಪ್ರಭಾ ಅವರ ಚೀಲಕ್ಕೆ ತುರುಕುತ್ತಾರೆ. ಬೇಡವೆಂದರೂ ಕೇಳುವುದಿಲ್ಲ.

ಕೊನೆಯ ಬಸ್ಸಿಗೆ ಶಶಿಪ್ರಭಾ ಗುಡ್ಡ ಇಳಿಯುತ್ತಾರೆ. ಕೆಸರಿನಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು, ಪ್ರತಿ ತಿರುವಿನಲ್ಲೂ ನಿಂತು ಮೇಲೆ ನೋಡುತ್ತಾರೆ. ನಾಳೆ ತಹಶೀಲ್ದಾರರ ಕಚೇರಿಗೆ ಹೋಗಿ ಇನ್ನೊಮ್ಮೆ ಹೇಳುವುದಿದೆ. ನೋಟಿಸು ಅಂಟಿಸಿ ಆಗಿದೆಯಲ್ಲ ಎಂದು ಅಲ್ಲಿ ಹೇಳುತ್ತಾರೆಂಬುದು ಅವರಿಗೆ ಗೊತ್ತು. ಮುಂದಿನ ವರ್ಷವೂ ಈ ಕೆಲಸ ಮಾಡುತ್ತೀರಾ ಎಂದು ಕೇಳಿದರೆ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕುಳಿತು ಚಪ್ಪಲಿಯ ಕೆಸರು ಒರೆಸುತ್ತಾರೆ. ಮಳೆ ಜೋರಾಗುತ್ತದೆ.

"ಮೊದಲೆಲ್ಲ ನಾನು ಹೇಳಿದ್ದನ್ನು ಜನ ಕೇಳ್ಲಿ ಅಂತ ಆಸೆ ಇತ್ತು," ಎನ್ನುತ್ತಾರೆ. "ಈಗ ಅದಿಲ್ಲ. ನಾನು ಹೇಳಿದ್ದೆಲ್ಲ ಸುಳ್ಳಾಗ್ಲಿ, ಅಷ್ಟು ಸಾಕು. ಆ ಗುಡ್ಡ ಅಲ್ಲಿಯೇ ನಿಲ್ಲಲಿ. ಬರುವ ವರ್ಷ ನಾನು ಹೋದಾಗ ಯಮುನಕ್ಕ ಜಗಲಿಯಲ್ಲಿ ಕೂತು, 'ಬಂತು ನೋಡಿ ಹುಚ್ಚಿ, ಸುಮ್ಮನೆ ನಮ್ಮನ್ನೆಲ್ಲ ಹೆದರಿಸಿದ್ಲು' ಅಂತ ಊರಿಗೆಲ್ಲ ಹೇಳಿ ನಗಾಡ್ಬೇಕು. ನಾನು ಅದನ್ನು ಕೇಳ್ಬೇಕು."