ರಾಣಿಯ ‘ಕಾದು ಕಾದು’

ನಾಟಕ ಹೇಗೆ ಕೂಡಿಸುತ್ತಾರೆ ಎಂಬುದನ್ನು ನಾನು ಕಲಿತದ್ದು ಗೋಡೆಯ ಈಚೆ ಕೂತು. ಆಚೆ ಹತ್ತಿ ತುಂಬುವ ಕೊಟ್ಟಿಗೆ, ಈಚೆ ನಮ್ಮ ಅಡುಗೆಮನೆ. ಯುದ್ಧದ ಕಾಲ, ಸೀಮೆಎಣ್ಣೆ ಸಿಗುವುದೇ ಕಷ್ಟವಾಗಿತ್ತು. ಅದಕ್ಕೇ ಊರ ಗಂಡಸರು ತಾಲೀಮನ್ನು ಹಗಲಿಗೆ ಇಟ್ಟುಕೊಂಡಿದ್ದರು. ಹತ್ತಿ ಮಾರಿ ಕೊಟ್ಟಿಗೆ ಖಾಲಿಯಾಗಿತ್ತು, ಮಳೆ ಇನ್ನೂ ದೂರವಿತ್ತು. ಮಧ್ಯಾಹ್ನ ಎಲ್ಲರೂ ಉಂಡು ಕೈತೊಳೆದರೋ ಇಲ್ಲವೋ, ಆಚೆ ಹಾರ್ಮೋನಿಯಂ ಶುರುವಾಗುತ್ತಿತ್ತು. ಅದನ್ನು ನಮ್ಮ ಕಡೆ ಪೆಟ್ಟಿಗೆ ಅನ್ನುತ್ತಾರೆ.

ನಾನು ಆದೋನಿಯವಳು. ತಂದೆ ಶಾಲೆಯಲ್ಲಿ ಕಲಿಸುತ್ತಿದ್ದರು; ನನಗೆ ಕನ್ನಡ, ತೆಲುಗು ಎರಡೂ ಅಕ್ಷರ ತಿದ್ದಿಸಿದ್ದರು. ಪತ್ತಿಕೊಂಡದ ಕಡೆಯ ಈ ಹಳ್ಳಿಗೆ ಸೊಸೆಯಾಗಿ ಬಂದು ನಾಲ್ಕು ತಿಂಗಳಾಗಿತ್ತು. ಮನೆಯಲ್ಲಿ ಅತ್ತೆ, ಮಾವ, ನಾವಿಬ್ಬರು, ಹಿತ್ತಲ ತುಂಬ ಕುರಿ. ಹಿರಿಯರ ಮುಂದೆ ಗಂಡ ಹೆಂಡತಿ ಮಾತಾಡುವ ಪದ್ಧತಿ ಇರಲಿಲ್ಲ. ನನ್ನ ಗಂಡನಿಗೆ ಹಿರಿಯರ ಹಿಂದೆಯೂ ಮಾತು ಬರುತ್ತಿರಲಿಲ್ಲ. ನಾಲ್ಕು ತಿಂಗಳಲ್ಲಿ ಅವರು ನನ್ನೊಡನೆ ಆಡಿದ್ದೆಲ್ಲ ನೀರು, ರೊಟ್ಟಿ, ದೀಪ. ಕುರಿಗಳ ಜೊತೆ ಇದಕ್ಕಿಂತ ಹೆಚ್ಚು ಮಾತಾಡುತ್ತಿದ್ದರು, ನನ್ನ ಕಿವಿಯಾರೆ ಕೇಳಿದ್ದೇನೆ. ಸಂಜೆ ಕುರಿ ಹೊಡೆದುಕೊಂಡು ಬರುವಾಗ ನಾನು ತಲೆಬಾಗಿಲಲ್ಲಿ ನಿಂತಿರುತ್ತಿದ್ದೆ. ಅವರು ನೆಲ ನೋಡುತ್ತ ಒಳಗೆ ಹೋಗಿಬಿಡುತ್ತಿದ್ದರು. ನನಗೆ ಸಿಟ್ಟೂ ಬರುತ್ತಿತ್ತು, ಅಳುವೂ ಬರುತ್ತಿತ್ತು.

ಅಂಥವರಿಗೆ ನಾಟಕದಲ್ಲಿ ಪಾರ್ಟು ಕೊಟ್ಟರು, ಅದೂ ರಾಣಿಯ ಪಾರ್ಟು. ತೆಳ್ಳಗಿದ್ದರು, ದನಿ ಸಣ್ಣದು, ಸಾಕಾಯಿತು. ಆದರೆ ರಾಣಿಗೆ ಮೀಸೆ ಇರಬಾರದಲ್ಲ. ಹೆತ್ತ ತಂದೆ ಬದುಕಿರುವಾಗ ಮಗ ಮೀಸೆ ತೆಗೆಯುವುದು ನಮ್ಮಲ್ಲಿ ದೊಡ್ಡ ಅಪಶಕುನ. ಕಲಿಸುವ ಮಾಸ್ತರು ಮಾತ್ರ ಮೊದಲ ದಿನವೇ ಬೋಳಿಸಿಕೊಂಡು ಬಾ ಎಂದರು, ಇವರು ಬೋಳಿಸಿಕೊಂಡೇ ಬಂದರು. ಅತ್ತೆ ಎರಡು ದಿನ ಮಗನಿಗೆ ಬಡಿಸಲಿಲ್ಲ. ಮಾವ ಕಟ್ಟೆಯ ಮೇಲೆ ಕೂತು, “ನಾ ಇಲ್ಲೇ ಕುಂತೀನಲ್ಲ, ಸತ್ತೇನೇನು?” ಎಂದು ಬೀಡಿ ಹಚ್ಚಿದರು. ಅಲ್ಲಿಗೆ ಆ ಮಾತು ಮುಗಿಯಿತು.

ಮಾಸ್ತರು ಧಾರವಾಡದ ಕಡೆಯವರು. ಅವರಿಗೆ ತೆಲುಗು ಒಂದಕ್ಷರವೂ ಬರುತ್ತಿರಲಿಲ್ಲ. ನನ್ನ ಗಂಡ ಓದಿದ್ದು ತೆಲುಗು ಶಾಲೆಯಲ್ಲಿ. ಮನೆಯಲ್ಲಿ ಕನ್ನಡ ಆಡಿದರೂ ಬರೆಯಲು ಬರುತ್ತಿದ್ದದ್ದು ತೆಲುಗು ಅಕ್ಷರವೇ. ಮಾಸ್ತರು ಹೇಳಿದ ಕನ್ನಡ ಮಾತನ್ನೆಲ್ಲ ಅವರು ತೆಲುಗು ಅಕ್ಷರದಲ್ಲಿ ಬರೆದುಕೊಂಡು, ಆ ಹಾಳೆ ಹಿಡಿದು ಬಾಯಿಪಾಠ ಮಾಡುತ್ತಿದ್ದರು.

ಕಥೆ ಇಷ್ಟೇ: ರಾಜ ದಂಡೆತ್ತಿ ಹೋಗಿ ಹನ್ನೆರಡು ವರ್ಷವಾಗಿದೆ. ಮಂತ್ರಿ ಬಂದು, ‘ತಾಯೀ, ಅರಸರು ಇನ್ನು ಬರಲಾರರು’ ಅನ್ನುತ್ತಾನೆ. ಆಗ ರಾಣಿ, ‘ಕಾದು ಕಾದು ಈ ಕಣ್ಣು ಸೋತವು’ ಅನ್ನಬೇಕು. ನಾಟಕದ ಜೀವವೇ ಆ ಮಾತು ಎಂದು ಮಾಸ್ತರು ದಿನಾ ಹೇಳುತ್ತಿದ್ದರು.

ನಾನು ಈಚೆ ಶೇಂಗಾ ಸುಲಿಯುತ್ತ ಎಲ್ಲ ಕೇಳುತ್ತಿದ್ದೆ. ಮೊದಲು ಬರೀ ಓದು, ಆಮೇಲೆ ಪದ, ಆಮೇಲೆ ಎದ್ದು ನಿಲ್ಲುವುದು, ನಡೆಯುವುದು. ಮಾತು ಮುಗಿಯುವ ಮೊದಲು ಕಾಲು ಎತ್ತಬೇಡ. ಪೆಟ್ಟಿಗೆ ನಿಲ್ಲುವವರೆಗೆ ಬಾಯಿ ಬಿಡಬೇಡ. ಇನ್ನೊಬ್ಬ ಮಾತಾಡುವಾಗ ಸುಮ್ಮನೆ ನಿಂತವನೇ ನಿಜವಾದ ನಟ. ಇದೆಲ್ಲ ನನಗೆ ಈಗಲೂ ಬಾಯಿಗೆ ಬರುತ್ತದೆ. ಆದರೆ ಆ ಮಾತಿನ ಹತ್ತಿರ ಬಂದಾಗಲೆಲ್ಲ ಮಾಸ್ತರು ಕೂಗಾಡುತ್ತಿದ್ದರು.

“ರಾಣಿ ಯಾಕ ತಲಿ ಅಲ್ಲಾಡಸ್ತಾಳ? ಕೈ ಯಾಕ ಹಾಂಗ ಬೀಸ್ತಾಳ? ನೊಣಾ ಹೊಡೀತಾಳೇನು?”

ಮೂರನೆಯ ದಿನ ನನಗೆ ಹೊಳೆಯಿತು, ಬಾಯಿಗೆ ಸೆರಗು ತುರುಕಿಕೊಂಡು ನಕ್ಕೆ. ತೆಲುಗಿನಲ್ಲಿ ಕಾದು ಅಂದರೆ ಅಲ್ಲ ಎಂದರ್ಥ. ಮಂತ್ರಿ ಅರಸ ಬರುವುದಿಲ್ಲ ಅಂದ. ರಾಣಿ ‘ಅಲ್ಲ, ಅಲ್ಲ’ ಎಂದು ತಲೆ ಅಲ್ಲಾಡಿಸಿದಳು. ತಪ್ಪೇನಿದೆ? ಮಂತ್ರಿಗೂ ಹಾಗೇ ಅನಿಸಿತ್ತು, ಉಳಿದವರಿಗೂ. ಕಾಯುವುದಕ್ಕೆ ನಮ್ಮೂರಲ್ಲಿ ಹಾದಿ ನೋಡುವುದು ಅನ್ನುತ್ತಾರೆ. ಪುಸ್ತಕದ ಕನ್ನಡ ಯಾರಿಗೆ ಗೊತ್ತಿತ್ತು? ತಪ್ಪು ಎಲ್ಲಿದೆ ಎಂದು ಮಾಸ್ತರಿಗೂ ತಿಳಿಯಲಿಲ್ಲ. ನಗುತ್ತ ಕೂತವಳಿಗೆ ಅವರ ಮುಂದಿನ ಮಾತು ಕೇಳಿ ನಗು ನಿಂತಿತು. “ಎಂಟು ದಿನ ನೋಡ್ತೀನಿ. ಆಗಲಿಲ್ಲಂದ್ರ ಈ ಪಾರ್ಟು ಬ್ಯಾರೇದವಗ ಕೊಡ್ತೀನಿ.”

ಮೀಸೆ ಆಗಲೇ ಹೋಗಿತ್ತು. ಪಾರ್ಟೂ ಹೋದರೆ ಊರಲ್ಲಿ ತಲೆ ಎತ್ತುವುದು ಹೇಗೆ? ಮರುದಿನ ನನ್ನ ಗಂಡ ಉಣ್ಣಲು ಕೂತಾಗ, ಅತ್ತೆ ಪಕ್ಕದಲ್ಲೇ ಇದ್ದರೂ, ನಾನು ಬಾಯಿಬಿಟ್ಟೆ.

“ನೋಡ್ರಿ, ಅದು ಕಾದು ಅಲ್ಲ.”

ಅವರು ಗಾಬರಿಯಾಗಿ ತಲೆ ಎತ್ತಿದರು. “ಮತ್ತೇನು? ಕಾದು ಅಂತನ ಬರಕೊಂಡೀನಿ.”

“ಕಾದು ಅನ್ನೋದು ಖರೇನ. ಆದ್ರ ಅದು ತೆಲುಗಿನ ಕಾದು ಅಲ್ರಿ, ಕನ್ನಡದ್ದು. ಹಾದಿ ನೋಡಿ ನೋಡಿ ಅಂತ ಅರ್ಥ.”

ತುತ್ತು ಕೈಯಲ್ಲೇ ಉಳಿಯಿತು. “ಹಾದಿ ನೋಡೋದನ್ನ ಮಾಡಿ ತೋರಸೋದು ಹ್ಯಾಂಗ?” ಎಂದರು.

“ಅದನ್ನ ನನ್ನ ಕೇಳ್ತೀರೇನು?” ಎಂದೆ. ನನ್ನ ನಾಲಿಗೆ ನನ್ನ ಕೈಯಲ್ಲಿರಲಿಲ್ಲ. “ನಾಕು ತಿಂಗಳಾತು ನಾ ಮಾಡೋದು ಅದನ್ನ.”

ಅತ್ತೆ ನನ್ನನ್ನು ನೋಡಿದರು, ಮಗನನ್ನು ನೋಡಿದರು, ಮಗನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು. “ಮೀಸಿ ಅಂತೂ ಹೋತು, ಪಾರ್ಟಾದ್ರೂ ಉಳೀಲಿ. ಏಮೇ, ನಿನಗ ಅಕ್ಷರ ಬರ್ತಾವಲ್ಲ, ದಿನಾ ಕುಂತು ಒಪ್ಪಿಸಿಕೋ,” ಎಂದರು.

ಅಂದಿನಿಂದ ಬೆಳಗ್ಗೆ ನಾನು ನವಣೆ ಹಸನು ಮಾಡುವಾಗ ಅವರು ಎದುರಿಗೆ ಕೂತು ಮಾತು ಒಪ್ಪಿಸುತ್ತಿದ್ದರು. ನಾನೇ ಮಂತ್ರಿ, ನಾನೇ ರಾಜ. ಅವರು ನನ್ನನ್ನು ‘ಪ್ರಾಣೇಶ್ವರಾ’ ಎಂದು ಕರೆಯಬೇಕು. ಕರೆಯುವಾಗ ಕಿವಿ ಕೆಂಪಾಗುತ್ತಿತ್ತು. ನಾಟಕದ ಮಾತಿನ ನಡುನಡುವೆ ಒಂದೊಂದು ನಮ್ಮ ಮಾತೂ ನುಸುಳತೊಡಗಿತು. ನಾನು ಆದೋನಿಯ ಮನೆಯ ಸುದ್ದಿ ಹೇಳಿದೆ. ಅವರು ಕುಂಟುವ ಕುರಿಯ ಸುದ್ದಿ ಹೇಳಿದರು. ಅತ್ತೆ ಅತ್ತಿತ್ತ ಓಡಾಡುತ್ತ, ತಲೆಬಾಗಿಲ ಚೌಕಟ್ಟಿನ ಪಕ್ಕದ ಸುಣ್ಣ ಯಾಕೆ ಹೀಗೆ ಉದುರುತ್ತದೆ, ಇಲಿಯ ಕಾಟವೋ ಏನೋ ಎಂದು ಗೊಣಗುತ್ತಿದ್ದರು. ನಾವು ಕೇಳಿಸದವರಂತೆ ಇದ್ದೆವು.

ಮಾತು ಸರಿಹೋಯಿತು, ಪಾರ್ಟು ಉಳಿಯಿತು. ಆದರೆ ಕೊನೆಯ ತಾಲೀಮಿನಲ್ಲೂ ಅವರು ಕಂಬದಂತೆ ನಿಂತು ಹೇಳಿದರಂತೆ. “ಮಾತು ಬಂತು, ರಾಣಿ ಇನ್ನೂ ಬರಲಿಲ್ಲ,” ಎಂದು ಮಾಸ್ತರು ನಿಟ್ಟುಸಿರುಬಿಟ್ಟದ್ದು ಗೋಡೆಯೀಚೆಗೂ ಕೇಳಿಸಿತು.

ನಾಟಕದ ಸಂಜೆ ನನ್ನ ಮದುವೆಯ ಸೀರೆಯನ್ನು ನಾನೇ ಅವರಿಗೆ ಉಡಿಸಿದೆ. ಆಮೇಲೆ ನಾವು ಹೆಂಗಸರು ಮಾಳಿಗೆ ಹತ್ತಿ ಕೂತೆವು. ಹೇಗೋ ಹೊಂದಿಸಿ ತಂದ ಗ್ಯಾಸ್ ಲೈಟು ಎರಡೇ ಇದ್ದವು, ಆದರೂ ನಾಟಕದ ಅಟ್ಟದ ಮೇಲಿನದೆಲ್ಲ ಚೆನ್ನಾಗಿ ಕಾಣುತ್ತಿತ್ತು.

ಮಂತ್ರಿ ಬಂದು ತನ್ನ ಮಾತು ಹೇಳಿದ. ರಾಣಿ ಮಾತಾಡಲಿಲ್ಲ. ಮರೆತರು ಎಂದುಕೊಂಡೆ. ಪೆಟ್ಟಿಗೆ ನಿಂತಿತು. ರಾಣಿ ಮೆಲ್ಲಗೆ ನಡೆದು ಪರದೆಯ ಬದಿಯ ಬಿದಿರ ಗಳುವಿನ ಹತ್ತಿರ ಹೋದಳು. ಎಡಗೈಯಿಂದ ಅದನ್ನು ಹಿಡಿದುಕೊಂಡಳು. ಒಂದು ಪಾದದ ಮೇಲೆ ಇನ್ನೊಂದು ಪಾದ ಇಟ್ಟು, ದೂರ ನೋಡುತ್ತ, ಹೆಬ್ಬೆರಳ ಉಗುರಿನಿಂದ ಆ ಗಳುವನ್ನು ಕೆರೆಯತೊಡಗಿದಳು. ಕೆರೆದಳು, ನಿಲ್ಲಿಸಿದಳು, ಮತ್ತೆ ಕೆರೆದಳು. ಆಮೇಲೆ, ಯಾರಿಗೂ ಅಲ್ಲ, ತನಗೇ ಹೇಳಿಕೊಂಡಂತೆ, “ಕಾದು ಕಾದು ಈ ಕಣ್ಣು ಸೋತವು,” ಎಂದಳು.

ಹಾಗೆ ನಿಲ್ಲುವುದನ್ನು ಮಾಸ್ತರು ಕಲಿಸಿರಲಿಲ್ಲ, ನಾನೂ ಕಲಿಸಿರಲಿಲ್ಲ. ಅದು ತಲೆಬಾಗಿಲಲ್ಲಿ ನಿಂತ ನಾನು. ನೆಲ ನೋಡುತ್ತ ಒಳಗೆ ಹೋಗುತ್ತಿದ್ದ ಮನುಷ್ಯ ನಾಲ್ಕು ತಿಂಗಳು ನನ್ನನ್ನು ಉಗುರಿನ ತನಕ ನೋಡಿದ್ದರು. ನನಗೆ ಅಳು ತಡೆಯಲಾಗಲಿಲ್ಲ. ಸುತ್ತಲಿನ ಹೆಂಗಸರು ರಾಣಿಗಾಗಿ ಅಳುತ್ತಿದ್ದರು, ಹಾಗಾಗಿ ಯಾರೂ ಏನೂ ಕೇಳಲಿಲ್ಲ.

ಅತ್ತೆ ಒಬ್ಬರೇ ಅಳಲಿಲ್ಲ. ಅವರು ಅಟ್ಟದ ಕಡೆ ನೋಡಿದರು, ಆಮೇಲೆ ತಿರುಗಿ ನನ್ನ ಹೆಬ್ಬೆರಳು ಹಿಡಿದು ಉಗುರು ನೋಡಿದರು.

“ಸುಣ್ಣ ಕೆರಿಯೋ ಇಲಿ ನೀನೇನ?” ಎಂದರು. ನಾಟಕ ಮುಗಿಯುವವರೆಗೆ ಆ ಕೈ ಬಿಡಲಿಲ್ಲ.